ಲೌಂಜ್ ಹೋಲಿಸುವ ಮೊದಲು: ನಿಮ್ಮ ಕುರ್ಚಿಗೆ ದುಡ್ಡು ಕೊಟ್ಟವರು ಯಾರು?

ಕಾರ್ಡ್ ಉಜ್ಜಿದರೆ 2 ರೂಪಾಯಿ ಕಟ್. ಒಳಗೆ ಹೋದರೆ ಇಡ್ಲಿ, ಪಾಸ್ತಾ, ಕಾಫಿ, ವೈಫೈ, ಮೆತ್ತನೆಯ ಸೋಫಾ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಲೌಂಜ್, ಅಂದರೆ ವಿಮಾನಕ್ಕೆ ಕಾಯುವವರ ವಿಶೇಷ ಕೋಣೆ, ಹೆಚ್ಚಿನವರಿಗೆ ಇಷ್ಟೇ. ಹಾಗಾಗಿ ಹೋಲಿಕೆಯೂ ಅಲ್ಲೇ ಸುತ್ತುತ್ತದೆ. ಎಲ್ಲಿ ದೋಸೆ ಬಿಸಿಬಿಸಿ ಹುಯ್ದು ಕೊಡುತ್ತಾರೆ, ಎಲ್ಲಿ ಸ್ನಾನಕ್ಕೆ ಜಾಗ ಇದೆ, ಎಲ್ಲಿಂದ ರನ್‌ವೇ ಕಾಣುತ್ತದೆ. ಇಂಥ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ನೋಡುವುದಕ್ಕೆ ಚೆನ್ನಾಗಿಯೂ ಇರುತ್ತವೆ.

ಆದರೆ ಅವುಗಳಿಂದ ಪ್ರಯಾಣಿಕರಿಗೆ ಆಗುವ ಉಪಯೋಗ ಕಡಿಮೆ. ಬೆಂಗಳೂರಿನಿಂದ ದೆಹಲಿಗೆ ಹೊರಟವರು ಮುಂಬೈ ಲೌಂಜ್ ಚೆನ್ನಾಗಿದೆ ಅಂತ ಅಲ್ಲಿಗೆ ಹೋಗಿ ಕೂರುವುದಕ್ಕೆ ಆಗುವುದಿಲ್ಲ. ಅಷ್ಟು ದೂರ ಯಾಕೆ? ಬೆಂಗಳೂರಿನ ಟರ್ಮಿನಲ್ 1ರಲ್ಲಿ ಇಂಡಿಗೊ ಹತ್ತುವವರು ಟರ್ಮಿನಲ್ 2ರ ಲೌಂಜ್‌ಗೂ ಹೋಗುವಂತಿಲ್ಲ. ಯಾವ ಟರ್ಮಿನಲ್‌ನಲ್ಲಿ ಭದ್ರತಾ ತಪಾಸಣೆ ಮುಗಿಸಿದ್ದೀರೋ ಅಲ್ಲಿರುವ ಲೌಂಜೇ ನಿಮ್ಮದು. ದೇಶದೊಳಗಿನ ಪ್ರಯಾಣದಲ್ಲಿ ಕಾರ್ಡ್ ಹಿಡಿದು ಬರುವವರಿಗೆ ಒಂದು ಟರ್ಮಿನಲ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೇ, ಹೆಚ್ಚೆಂದರೆ ಎರಡು. ಅಂದರೆ ನಮ್ಮಲ್ಲಿ ಲೌಂಜ್‌ಗಳ ನಡುವೆ ಸ್ಪರ್ಧೆಯೇ ಇಲ್ಲ. ಸ್ಪರ್ಧೆ ಇರುವುದು ಕಾರ್ಡ್‌ಗಳ ನಡುವೆ. ಹಾಗಾಗಿ ಒಳಗಿನ ಕುರ್ಚಿಗೆ ಯಾರು ದುಡ್ಡು ಕೊಟ್ಟಿದ್ದಾರೆ ಅಂತ ಮೊದಲು ನೋಡಬೇಕು. ಊಟ, ನೂಕುನುಗ್ಗಲು, ಬಾಗಿಲಲ್ಲಿ ಸಿಗುವ ಮರ್ಯಾದೆ ಎಲ್ಲ ಅದರ ಮೇಲೆ ನಿಂತಿವೆ.

ಶುರುವಿನಲ್ಲಿ ದುಡ್ಡು ಕೊಡುತ್ತಿದ್ದದ್ದು ವಿಮಾನ ಕಂಪನಿ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕ್‌ನ ಲಗಾರ್ಡಿಯಾ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ತೆರೆಯಿತು. ವಿಮಾನ ಕಂಪನಿಗಳ ಲೌಂಜ್‌ಗಳ ಕಥೆ ಅಲ್ಲಿಂದ ಶುರು. ಒಳಗೆ ಹೋಗಲು ಕಂಪನಿಯ ಆಹ್ವಾನ ಬೇಕಿತ್ತು. ದೊಡ್ಡ ಗಿರಾಕಿಗಳನ್ನು ಕೈಬಿಡದಂತೆ ಹಿಡಿದಿಡುವ ಉಪಾಯ ಅದು. 1992ರಲ್ಲಿ ಪ್ರಯಾರಿಟಿ ಪಾಸ್ ಬಂತು. ಯಾವ ವಿಮಾನವಾದರೂ ಸರಿ, ಸದಸ್ಯತ್ವ ಇದ್ದರೆ ಸಾಕು. ಆಮೇಲೆ ಬ್ಯಾಂಕುಗಳು ಅದನ್ನು ಕಾರ್ಡ್‌ಗೆ ಕಟ್ಟಿ ಹಂಚಿದವು. ಆಗಲೇ ಲೌಂಜ್‌ಗೂ ಟಿಕೆಟ್‌ಗೂ ಇದ್ದ ನಂಟು ಸಡಿಲವಾಯಿತು.

ಭಾರತದಲ್ಲಿ ಆ ನಂಟು ಸಡಿಲವಾಗಲಿಲ್ಲ, ಕಡಿದೇ ಹೋಯಿತು. ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮೂರೂ ಪೈಪೋಟಿಗೆ ಬಿದ್ದು ಲೌಂಜ್ ಕೊಟ್ಟವು. ಕ್ರೆಡಿಟ್ ಕಾರ್ಡ್ ಇರಲಿ, ಸಂಬಳದ ಖಾತೆಯ ಡೆಬಿಟ್ ಕಾರ್ಡ್‌ಗೂ ಸಿಕ್ಕಿತು. ರುಪೇ ಪ್ಲಾಟಿನಂ ಡೆಬಿಟ್ ಕಾರ್ಡ್ ಇಟ್ಟುಕೊಂಡು ಕಡಿಮೆ ದರದ ಇಂಡಿಗೊ ಟಿಕೆಟ್ ಕೊಂಡವರೂ ಬಿಸಿನೆಸ್ ಕ್ಲಾಸ್‌ನವರ ಪಕ್ಕದಲ್ಲೇ ಕೂತು ತಿಂಡಿ ತಿಂದರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೋಟು ಹಾಕಿದವರಿಗೆ ಮಾತ್ರ ಅಂತ ಇದ್ದ ಬಾಗಿಲು ಚಪ್ಪಲಿ ಹಾಕಿದವರಿಗೂ ತೆರೆಯಿತು, ಒಳ್ಳೆಯದೇ ಅಲ್ವಾ?

ತೊಂದರೆ ಬಂದದ್ದು ಲೆಕ್ಕದಲ್ಲಿ. ದೇಶದೊಳಗೆ ವಿಮಾನದಲ್ಲಿ ಓಡಾಡಿದವರು 2014ರಲ್ಲಿ ಸುಮಾರು 6.7 ಕೋಟಿ. 2024ರಲ್ಲಿ 16.13 ಕೋಟಿ. ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 2024ರ ಆರಂಭದಲ್ಲೇ 10 ಕೋಟಿ ದಾಟಿತು. ಲೌಂಜ್‌ನ ಗೋಡೆಗಳು ಮಾತ್ರ ಇದ್ದಲ್ಲೇ ಇದ್ದವು. ಬೆಳಗಿನ 6ರಿಂದ 8ರ ಹೊತ್ತಿಗೆ ಈಗ ಬಾಗಿಲ ಹೊರಗೆ ಕ್ಯೂ. ಒಳಗೆ ಮದುವೆ ಮನೆಯ ಊಟದ ಹಾಲ್‌ನ ಹಾಗೆ ತಿನ್ನುತ್ತಿರುವವರ ಕುರ್ಚಿ ಹಿಂದೆ ಮುಂದಿನ ಪಂಕ್ತಿಯವರು ನಿಂತಿರುತ್ತಾರೆ.

ಆ 2 ರೂಪಾಯಿಯ ಹಿಂದೆ

ನೀವು ಕೊಡುವ 2 ರೂಪಾಯಿ ಊಟದ ಬೆಲೆಯಲ್ಲ. ಕಾರ್ಡ್ ನಿಜವಾಗಿಯೂ ಚಾಲ್ತಿಯಲ್ಲಿದೆಯಾ ಅಂತ ನೋಡುವುದಕ್ಕೆ ಅಷ್ಟು ಕಡಿತ ಮಾಡುತ್ತಾರೆ. ನಿಜವಾದ ಬೆಲೆ ಆಮೇಲೆ, ನಿಮಗೆ ಕಾಣದ ದಾರಿಯಲ್ಲಿ ಸಾಗುತ್ತದೆ. ಬ್ಯಾಂಕ್ ಅಥವಾ ವೀಸಾ, ರುಪೇಯಂಥ ಕಾರ್ಡ್ ಜಾಲದವರು ತಲೆಗೆ ಇಷ್ಟು ಅಂತ ಮಧ್ಯವರ್ತಿ ಕಂಪನಿಗೆ ಕೊಡುತ್ತಾರೆ. ಮಧ್ಯವರ್ತಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಲೌಂಜ್ ನಡೆಸುವವರಿಗೆ ಕೊಡುತ್ತಾರೆ. ಲೌಂಜ್‌ನವರು ಬಾಡಿಗೆ ಅಂತಲೋ ಆದಾಯದಲ್ಲಿ ಪಾಲು ಅಂತಲೋ ವಿಮಾನ ನಿಲ್ದಾಣಕ್ಕೆ ಕೊಡುತ್ತಾರೆ.

ಈ ವ್ಯವಸ್ಥೆ ಒಳಗಿನ ಊಟವನ್ನೂ ತೀರ್ಮಾನಿಸುತ್ತದೆ. ಲೌಂಜ್‌ನವರಿಗೆ ಸಿಗುವುದು ತಲೆಗೆ ಇಷ್ಟು ಅಂತ ನಿಗದಿಯಾದ ದುಡ್ಡು. ನೀವು ಎರಡು ವಡೆ ತಿಂದರೂ ಅಷ್ಟೇ, ಹತ್ತು ತಿಂದರೂ ಅಷ್ಟೇ. ಹಾಗಾಗಿ ಅವರ ಲಾಭ ಇರುವುದು ಜಾಸ್ತಿ ಜನರನ್ನು ಒಳಗೆ ಬಿಡುವುದರಲ್ಲಿ, ಬೇಗ ಹೊರಗೆ ಕಳಿಸುವುದರಲ್ಲಿ, ತಟ್ಟೆಯ ಖರ್ಚು ಕಡಿಮೆ ಮಾಡುವುದರಲ್ಲಿ. ಎರಡು ಮೂರು ಗಂಟೆಯ ಮಿತಿ, ಅದೇ ಪನೀರ್, ಅದೇ ಫ್ರೈಡ್ ರೈಸ್ ಎಲ್ಲ ಬರುವುದು ಇಲ್ಲಿಂದ. ವಿಮಾನ ಕಂಪನಿಯೇ ನಡೆಸುವ ಲೌಂಜ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಗಿರಾಕಿ ಮುಂದಿನ ಸಲವೂ ಅದೇ ಕಂಪನಿಯ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಳ್ಳಬೇಕು. ಅದಕ್ಕೆ ಖರ್ಚು ಮಾಡುತ್ತಾರೆ.

ನಮ್ಮಲ್ಲಿ ಆ ಮಧ್ಯವರ್ತಿಯ ಜಾಗದಲ್ಲಿ ಬಹುಕಾಲ ಒಂದೇ ದೊಡ್ಡ ಹೆಸರು ಇತ್ತು, ಡ್ರೀಮ್‌ಫೋಕ್ಸ್. 2022ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಕಂಪನಿ ಹೇಳಿಕೊಂಡಂತೆ, ಭಾರತದ ಕಾರ್ಡ್‌ಗಳ ಮೂಲಕ ದೇಶದೊಳಗಿನ ಲೌಂಜ್‌ಗೆ ಹೋಗುವವರಲ್ಲಿ ಶೇ 95ಕ್ಕೂ ಹೆಚ್ಚು ಜನ ಅದರ ದಾರಿಯಲ್ಲೇ ಹೋಗುತ್ತಿದ್ದರು. ಹೊರಗಿನಿಂದ ನೋಡಿದರೆ ಅಲುಗಾಡದ ಕೋಟೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಬಿರುಕು ಕಾಣಿಸಿತು. ಕೆಲವು ನಿಲ್ದಾಣಗಳಲ್ಲಿ ಇದ್ದಕ್ಕಿದ್ದಂತೆ ಡ್ರೀಮ್‌ಫೋಕ್ಸ್ ಮೂಲಕ ಬಂದವರನ್ನು ಬಾಗಿಲಲ್ಲೇ ತಡೆದರು. 2025ರಲ್ಲಿ ಲೌಂಜ್ ನಡೆಸುವವರು, ಬ್ಯಾಂಕುಗಳು ಒಬ್ಬೊಬ್ಬರಾಗಿ ಕೈಬಿಟ್ಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸುತ್ತಿರುವುದಾಗಿ ಕಂಪನಿ ಷೇರುಪೇಟೆಗೆ ತಿಳಿಸಿತು.

ಯಾಕೆ ಹೀಗಾಯಿತು? ಡ್ರೀಮ್‌ಫೋಕ್ಸ್‌ಗೆ ಸ್ವಂತದ್ದು ಅಂತ ಒಂದು ಕುರ್ಚಿಯೂ ಇರಲಿಲ್ಲ. ಜಾಗ ನಿಲ್ದಾಣದ್ದು, ಗಿರಾಕಿ ಬ್ಯಾಂಕಿನವರು. ಇವರಿಬ್ಬರೂ ನೇರವಾಗಿ ಮಾತಾಡಿಕೊಂಡರೆ ನಡುವಿನವರಿಗೆ ಏನು ಕೆಲಸ? ಮುಂಬೈ, ಅಹಮದಾಬಾದ್, ಲಖನೌ, ಜೈಪುರ, ನಮ್ಮ ಮಂಗಳೂರು ಸೇರಿ ಹಲವು ನಿಲ್ದಾಣಗಳು ಅದಾನಿ ಕೈಯಲ್ಲಿವೆ. ದೆಹಲಿ, ಹೈದರಾಬಾದ್ ಜಿಎಂಆರ್ ಕೈಯಲ್ಲಿ. ಅಲ್ಲಿ ಎನ್‌ಕಾಮ್ ಎಂಬ ಕಂಪನಿ ಲೌಂಜ್ ನಡೆಸುತ್ತದೆ. 2025ರ ಜುಲೈನಲ್ಲಿ ಷೇರುಪೇಟೆಗೆ ಬಂದ ಟ್ರಾವೆಲ್ ಫುಡ್ ಸರ್ವೀಸಸ್ ಇನ್ನೊಂದು ದೊಡ್ಡ ಕೈ. ಈ ಕಂಪನಿ ನಿಲ್ದಾಣಗಳಲ್ಲಿ ಊಟದ ಮಳಿಗೆಗಳನ್ನೂ ನಡೆಸುತ್ತದೆ, ಲೌಂಜ್‌ಗಳನ್ನೂ ನಡೆಸುತ್ತದೆ. ಹೊರಗೆ ದುಬಾರಿ ದೋಸೆ, ಒಳಗೆ 'ಪುಕ್ಕಟೆ' ದೋಸೆ, ಕೆಲವು ಕಡೆ ಎರಡೂ ಒಂದೇ ಕಂಪನಿಯ ಅಡುಗೆ. ಇದು ಗೊತ್ತಾದ ಮೇಲೆ ಹೊರಗಿನ ದೋಸೆ ಯಾಕೆ ಅಗ್ಗ ಆಗುವುದಿಲ್ಲ ಅಂತ ಆಶ್ಚರ್ಯಪಡುವುದನ್ನು ನಾನು ಬಿಟ್ಟೆ.

ನಿಲ್ದಾಣಗಳಿಗೆ ಲೌಂಜ್ ಮೇಲೆ ಇಷ್ಟು ಆಸೆ ಇರುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಯಾವ ವಿಡಿಯೊದಲ್ಲೂ ಹೇಳುವುದಿಲ್ಲ. ವಿಮಾನ ಇಳಿಯುವ ಶುಲ್ಕ, ನಿಲ್ಲುವ ಶುಲ್ಕ, ನಮ್ಮ ಟಿಕೆಟ್‌ನಲ್ಲಿ ಸೇರುವ ಬಳಕೆದಾರರ ಶುಲ್ಕ, ಇವೆಲ್ಲಕ್ಕೂ ಏರಾ ಎಂಬ ಸರ್ಕಾರಿ ಪ್ರಾಧಿಕಾರ ದರ ಕಟ್ಟುತ್ತದೆ. ಬಾಯಿಗೆ ಬಂದಷ್ಟು ಕೇಳುವಂತಿಲ್ಲ. ಆದರೆ ಅಂಗಡಿ, ಪಾರ್ಕಿಂಗ್, ಜಾಹೀರಾತು, ಲೌಂಜ್ ಆದಾಯದ ಕಥೆ ಬೇರೆ. 2016ರ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ಅದರಲ್ಲಿ ಶೇ 30ರಷ್ಟನ್ನು ಮಾತ್ರ ಪ್ರಯಾಣಿಕರ ಶುಲ್ಕ ಇಳಿಸುವುದಕ್ಕೆ ಲೆಕ್ಕ ಹಿಡಿಯುತ್ತಾರೆ. ಉಳಿದ ಶೇ 70 ನಿಲ್ದಾಣ ನಡೆಸುವವರಿಗೆ. ಹಾಗಿರುವಾಗ ಯಾರಿಗೆ ತಾನೇ ಲೌಂಜ್ ಬೇಡ?

ಬೆಂಗಳೂರಿನ ನಿಲ್ದಾಣದಲ್ಲಿ ಕರ್ನಾಟಕ ಸರ್ಕಾರಕ್ಕೂ ಶೇ 13ರಷ್ಟು ಪಾಲಿದೆ. ದೊಡ್ಡ ಪಾಲು ಕೆನಡಾ ಮೂಲದ ಫೇರ್‌ಫ್ಯಾಕ್ಸ್‌ನದ್ದು. ಆ ಲೆಕ್ಕದಲ್ಲಿ ಲೌಂಜ್‌ನ ವಡೆಯಲ್ಲಿ ನಮ್ಮದೂ ಚೂರು ಪಾಲಿದೆ ಅನ್ನಿ.

ಬ್ಯಾಂಕುಗಳು ಕೈ ಹಿಂದಕ್ಕೆ ಎಳೆದದ್ದು

ಜನ ಜಾಸ್ತಿ ಆದಷ್ಟೂ ಬ್ಯಾಂಕಿನ ಖರ್ಚು ಏರಿತು. ಮೊದಲು ಎಚ್ಚೆತ್ತವರಲ್ಲಿ ಎಚ್‌ಡಿಎಫ್‌ಸಿ ಒಂದು. 2023ರ ಡಿಸೆಂಬರ್ 1ರಿಂದ ರೆಗಾಲಿಯಾ ಕಾರ್ಡ್‌ನವರು ಮೂರು ತಿಂಗಳಲ್ಲಿ 1 ಲಕ್ಷ ರೂಪಾಯಿ ಖರ್ಚು ಮಾಡಿದರೆ ಮಾತ್ರ ಲೌಂಜ್ ವೋಚರ್. 2024ರ ಮೇನಲ್ಲಿ ಆಕ್ಸಿಸ್ ಬ್ಯಾಂಕ್ ಹಲವು ಕಾರ್ಡ್‌ಗಳಿಗೆ ಹಿಂದಿನ ಮೂರು ತಿಂಗಳಲ್ಲಿ 50,000 ರೂಪಾಯಿ ಖರ್ಚಿನ ಷರತ್ತು ಹಾಕಿತು. ಐಸಿಐಸಿಐ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ 35,000 ಅಂದಿತ್ತು, ಅದೇ ವರ್ಷದ ನವೆಂಬರ್‌ನಲ್ಲಿ 75,000ಕ್ಕೆ ಏರಿಸಿತು. ಎಂಟೇ ತಿಂಗಳಲ್ಲಿ ದುಪ್ಪಟ್ಟಿಗಿಂತ ಜಾಸ್ತಿ.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. ಲೌಂಜ್ ಆಸೆಗೆ ಮೂರು ತಿಂಗಳ 75,000 ರೂಪಾಯಿ ಖರ್ಚನ್ನು ಒಂದೇ ಕಾರ್ಡ್‌ನಲ್ಲಿ ಮಾಡಿದಿರಿ. ಬೇರೆ ಕಾರ್ಡ್‌ನಲ್ಲಿ ಶೇ 1ರಷ್ಟು ಹೆಚ್ಚು ಕ್ಯಾಶ್‌ಬ್ಯಾಕ್ ಸಿಗುತ್ತಿತ್ತು ಅಂತ ಇಟ್ಟುಕೊಳ್ಳಿ. ಅಲ್ಲಿಗೆ 750 ರೂಪಾಯಿ ಬಿಟ್ಟಂತಾಯಿತು. ಮೂರು ತಿಂಗಳಲ್ಲಿ ಒಂದೇ ಸಲ ಲೌಂಜ್‌ಗೆ ಹೋದರೆ ಆ ತಿಂಡಿಯ ಬೆಲೆ 752 ರೂಪಾಯಿ. ಕಾರ್ಡ್‌ನ ವಾರ್ಷಿಕ ಶುಲ್ಕ ಬೇರೆ. ತಿಂಗಳಿಗೆರಡು ಸಲ ಹಾರುವವರಿಗೆ ಈ ಲೆಕ್ಕ ಕೂಡಿಬರುತ್ತದೆ. ವರ್ಷಕ್ಕೆ ಎರಡು ಸಲ ಊರಿಗೋ ಪ್ರವಾಸಕ್ಕೋ ಹೋಗುವ ಸಂಸಾರಕ್ಕೆ ಖಂಡಿತ ಇಲ್ಲ. ಅದರಲ್ಲೂ ಕಾರ್ಡ್ ಒಬ್ಬರ ಹೆಸರಲ್ಲಿ ಇರುತ್ತದೆ. ಅಪ್ಪ ಒಳಗೆ, ಅಮ್ಮ ಮಕ್ಕಳು ಗೇಟ್ ಹತ್ತಿರ. ಇಂಥ ದೃಶ್ಯ ನೀವೂ ನೋಡಿರುತ್ತೀರಿ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ತನ್ನ ಸ್ಕೈ ಕ್ಲಬ್ ಲೌಂಜ್‌ಗಳ ನೂಕುನುಗ್ಗಲು ತಾಳಲಾರದೆ 2022ರಲ್ಲಿ ವಿಮಾನ ಹೊರಡುವ ಮೊದಲಿನ 3 ಗಂಟೆಯೊಳಗೆ ಮಾತ್ರ ಪ್ರವೇಶ ಅಂದಿತು. 2023ರಲ್ಲಿ ಕಾರ್ಡ್‌ದಾರರಿಗೆ ವರ್ಷಕ್ಕೆ ಇಷ್ಟೇ ಸಲ ಅಂತ ಮಿತಿ ಹಾಕಲು ಹೊರಟಾಗ ಎಷ್ಟು ಗಲಾಟೆ ಆಯಿತೆಂದರೆ, ಕೆಲವೇ ವಾರಗಳಲ್ಲಿ ಕಂಪನಿ ಸ್ವಲ್ಪ ಹಿಂದೆ ಸರಿಯಿತು. ಆದರೂ ಮಿತಿ 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಕಾರ್ಡ್ ನೋಡಿಕೊಂಡು ವರ್ಷಕ್ಕೆ 10 ಅಥವಾ 15 ಸಲ. ಒಂದು ವ್ಯತ್ಯಾಸ ಏನೆಂದರೆ, ಅಲ್ಲಿ ಬಾಗಿಲು ಬಿಗಿ ಮಾಡಿದ್ದು ವಿಮಾನ ಕಂಪನಿ. ಇಲ್ಲಿ ಬ್ಯಾಂಕ್. ನಮ್ಮ ಪ್ರಯಾಣಿಕರು ಮಾತ್ರ ಬೈಯುವುದು ಕೌಂಟರ್‌ನಲ್ಲಿ ನಿಂತ ಹುಡುಗಿಯನ್ನು.

ಹೆಬ್ಬಾಳದ ಭಯ ಮತ್ತು ಟರ್ಮಿನಲ್ 2

ಬೆಂಗಳೂರಿನಲ್ಲಿ ಲೌಂಜ್‌ಗೆ ಇರುವ ಬೇಡಿಕೆಗೆ ಊರಿನದೇ ಒಂದು ಕಾರಣ ಇದೆ. ನಿಲ್ದಾಣ ಊರಿನ ನಡುಮಧ್ಯದಿಂದ 35 ಕಿಲೋಮೀಟರ್ ಆಚೆ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೆ ಅಂತ ಹೆದರಿ ಎಲ್ಲರೂ ಒಂದು ಗಂಟೆ ಮೊದಲೇ ಹೊರಡುತ್ತಾರೆ. ಎಷ್ಟೋ ಸಲ ದಾರಿ ಖಾಲಿ ಇರುತ್ತದೆ. ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಬಂದ ಮೇಲೆ ಬಾಗಿಲಲ್ಲೂ ತಡವಾಗುವುದಿಲ್ಲ. ಬೆಂಗಳೂರು ಆ ವ್ಯವಸ್ಥೆ ಮೊದಲು ಬಂದ ಮೂರು ನಿಲ್ದಾಣಗಳಲ್ಲಿ ಒಂದು, 2022ರ ಡಿಸೆಂಬರ್‌ನಲ್ಲಿ. ಹೀಗಾಗಿ ಒಳಗೆ ಬಂದವರ ಕೈಯಲ್ಲಿ ಒಂದೂವರೆ ಎರಡು ಗಂಟೆ ಉಳಿಯುತ್ತದೆ. ಆ ಹೊತ್ತನ್ನು ಎಲ್ಲಿ ಕಳೆಯುವುದು? 2024–25ರಲ್ಲಿ ಈ ನಿಲ್ದಾಣ ಬಳಸಿದವರು ಸುಮಾರು 4.19 ಕೋಟಿ. ಅದರಲ್ಲಿ ಸಣ್ಣ ಪಾಲು ಲೌಂಜ್ ಕಡೆ ತಿರುಗಿದರೂ ಕ್ಯೂ ಆಗಲೇಬೇಕು.

ಬೆಂಗಳೂರಿನ ಲೌಂಜ್‌ಗಳಿಗೆ ಊರಿನ ಎಸ್‌ಟಿಡಿ ಕೋಡ್ '080' ಅಂತಲೇ ಹೆಸರು. ಟರ್ಮಿನಲ್ 2ರಲ್ಲಿ ದೇಶದೊಳಗಿನವರಿಗೆ ಒಂದು, ವಿದೇಶಕ್ಕೆ ಹೊರಟವರಿಗೆ ಒಂದು. ಟರ್ಮಿನಲ್ 1ರಲ್ಲೂ ಇದೆ. ಆದರೆ ಇಲ್ಲಿ ನಿಜವಾಗಿ ಹೋಲಿಸಬೇಕಾದ್ದು ಲೌಂಜ್‌ನ ಹೊರಗಿರುವ ಜಾಗದ ಜೊತೆ. ಟರ್ಮಿನಲ್ 2ರಲ್ಲಿ 2023ರ ಜನವರಿಯಿಂದ ದೇಶದೊಳಗಿನ ವಿಮಾನಗಳು, ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳು ಹಾರುತ್ತಿವೆ. ತಲೆ ಮೇಲೆ ಬಿದಿರು, ಅಲ್ಲಲ್ಲಿ ತೂಗು ಬಿಟ್ಟ ಹಸಿರು, ಎತ್ತರದ ಚಾವಣಿ, ಧಾರಾಳ ಬೆಳಕು. ಅಷ್ಟು ಒಳ್ಳೆಯ ಜಾಗವನ್ನು ಬಿಟ್ಟು ಕ್ಯೂ ನಿಂತು ಜನ ತುಂಬಿದ ಕೋಣೆಗೆ ಯಾಕೆ ಹೋಗಬೇಕು? ನನ್ನನ್ನು ಕೇಳಿದರೆ, ಬೆಳಗಿನ ಹೊತ್ತು ಟರ್ಮಿನಲ್ 2ರಲ್ಲಿ ಲೌಂಜ್‌ಗಿಂತ ಗೇಟ್ ಹತ್ತಿರದ ಕುರ್ಚಿಯೇ ವಾಸಿ. ಒಂದು ಹಟ್ಟಿ ಕಾಪಿ ಕೊಂಡು ಕೂತರೆ ಆಯಿತು. ಟರ್ಮಿನಲ್ 1ರ ವಿಷಯ ಹಾಗಲ್ಲ. ಅದು 2008ರ ಕಟ್ಟಡ, ಗೇಟ್‌ಗಳ ಬಳಿ ಜನಸಂದಣಿ ಹೆಚ್ಚು. ಅಲ್ಲಿ ಲೌಂಜ್‌ಗೆ ಬೆಲೆ ಇದೆ.

ಸಿಂಗಪುರದ ಚಾಂಗಿ ನಿಲ್ದಾಣ ಇದನ್ನು ಮೊದಲೇ ತೋರಿಸಿಕೊಟ್ಟಿದೆ. ಚಿಟ್ಟೆ ತೋಟ, ಪುಕ್ಕಟೆ ಸಿನಿಮಾ, ಕಾಲು ಚಾಚುವ ಕುರ್ಚಿ ಎಲ್ಲ ಸಾಮಾನ್ಯ ಪ್ರಯಾಣಿಕರಿಗೇ ಇವೆ. ಹೊರಗೆ ಅಷ್ಟು ಇದ್ದರೆ ಕಾರ್ಡ್ ಲೌಂಜ್ ಸಿಗದಿದ್ದರೂ ಯಾರಿಗೂ ದೊಡ್ಡ ಬೇಜಾರಾಗುವುದಿಲ್ಲ.

ನಮ್ಮಲ್ಲಿ ಲೌಂಜ್ ಹುಚ್ಚಿಗೆ ಅರ್ಧ ಕಾರಣ ಹೊರಗಿನ ತಿಂಡಿಯ ಬೆಲೆ. ಸಂಸತ್ತಿನಲ್ಲೂ ಇದು ಚರ್ಚೆಯಾಯಿತು. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಶುರುವಾಯಿತು. ನೀರು 10, ಟೀ 10, ಕಾಫಿ 20, ಸಮೋಸ 20 ರೂಪಾಯಿ. ಆಮೇಲೆ ಚೆನ್ನೈಗೂ ಬಂತು. ಲೌಂಜ್‌ಗೆ ನಿಜವಾದ ಪೈಪೋಟಿ ಕೊಡಬಲ್ಲದ್ದು ಇದೇ. ಆದರೆ ಶುರುವಾದದ್ದು ಸರ್ಕಾರಿ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುವ ನಿಲ್ದಾಣಗಳಲ್ಲಿ. ಖಾಸಗಿ ನಿಲ್ದಾಣದವರು ತಾವಾಗಿಯೇ 10 ರೂಪಾಯಿ ಟೀಗೆ ಜಾಗ ಕೊಡುತ್ತಾರೆ ಅಂತ ನನಗೇನೂ ನಂಬಿಕೆ ಇಲ್ಲ. ಯಾಕೆ ಅನ್ನುವುದಕ್ಕೆ ಮೇಲಿನ ಶೇ 70ರ ಲೆಕ್ಕ ನೋಡಿ.

ದೂರದ ಪ್ರಯಾಣದಲ್ಲಿ

ಲೌಂಜ್‌ನ ಅಸಲಿ ಬೆಲೆ ತಿಳಿಯುವುದು ನಡುವೆ ಇಳಿದು ಬೇರೆ ವಿಮಾನ ಹಿಡಿಯುವಾಗ. ಬೆಂಗಳೂರಿನಿಂದ ದೋಹಾ ಮೂಲಕ ಅಮೆರಿಕಕ್ಕೆ, ಫ್ರಾಂಕ್‌ಫರ್ಟ್ ಮೂಲಕ ಯುರೋಪಿಗೆ ಹೋಗುವವರಿಗೆ ನಡುವೆ ಐದಾರು ಗಂಟೆ ಸಿಗುವುದು ಮಾಮೂಲಿ. ಆಗ ಸ್ನಾನ, ಬಟ್ಟೆ ಬದಲಿಸುವುದು, ಅಡ್ಡಾಗುವುದು ಇವೆಲ್ಲ ಬಹಳ ದೊಡ್ಡ ವಿಷಯ.

ಇಲ್ಲಿ ವಿಮಾನ ಕಂಪನಿ ಲೌಂಜ್‌ಗೂ ಕಾರ್ಡ್ ಲೌಂಜ್‌ಗೂ ಇರುವ ದೂರ ಕಣ್ಣಿಗೆ ಹೊಡೆಯುತ್ತದೆ. ದೋಹಾದಲ್ಲಿ ಕತಾರ್ ಏರ್‌ವೇಸ್‌ನ ಅಲ್ ಮುರ್ಜಾನ್ ಲೌಂಜ್ 10,000 ಚದರ ಮೀಟರ್, ಅಂದರೆ ಎರಡೂವರೆ ಎಕರೆ ತೋಟದಷ್ಟು. ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾ 2004ರಲ್ಲಿ ಫಸ್ಟ್ ಕ್ಲಾಸ್‌ನವರಿಗೆ ಪ್ರತ್ಯೇಕ ಕಟ್ಟಡವನ್ನೇ ಕಟ್ಟಿತು. ಅಲ್ಲಿಂದ ವಿಮಾನದ ಬುಡಕ್ಕೆ ಕಾರಿನಲ್ಲಿ ಬಿಡುತ್ತಾರೆ. ದುಬೈ ನಿಲ್ದಾಣದ ಕಾನ್‌ಕೋರ್ಸ್ ಎ ಎಂಬ ಭಾಗವನ್ನು ಕಟ್ಟಿದ್ದೇ ಎಮಿರೇಟ್ಸ್‌ನ ಎ380 ವಿಮಾನಗಳಿಗಾಗಿ. ಅಲ್ಲಿ ಲೌಂಜ್‌ನಿಂದಲೇ ನೇರವಾಗಿ ವಿಮಾನಕ್ಕೆ ಹತ್ತಬಹುದು. 2022ರ ಅಕ್ಟೋಬರ್‌ನಿಂದ ಆ ದೊಡ್ಡ ವಿಮಾನ ಬೆಂಗಳೂರಿಗೂ ಬರುತ್ತಿದೆ. ಕ್ರೆಡಿಟ್ ಕಾರ್ಡ್ ತೋರಿಸಿ ಈ ಬಾಗಿಲುಗಳನ್ನು ದಾಟುವುದಕ್ಕೆ ಆಗುವುದಿಲ್ಲ. ಪ್ರಯಾರಿಟಿ ಪಾಸ್ ಇದ್ದವರಿಗೆ ಅದೇ ನಿಲ್ದಾಣದ ಇನ್ನೊಂದು ಮೂಲೆಯಲ್ಲಿ ಬೇರೆ ಲೌಂಜ್.

ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ ಲೌಂಜ್ ಇದ್ದೇ ಇರುತ್ತದೆ ಅಂತ ನೆಮ್ಮದಿಯಾಗಿ ಇರಬೇಡಿ. ಕತಾರ್‌ನ 'ಬಿಸಿನೆಸ್ ಲೈಟ್', ಎಮಿರೇಟ್ಸ್‌ನ 'ಸ್ಪೆಷಲ್' ದರದ ಬಿಸಿನೆಸ್ ಟಿಕೆಟ್‌ಗಳಲ್ಲಿ ಲೌಂಜ್ ಸೇರಿಲ್ಲ. ಎಕಾನಮಿ ಟಿಕೆಟ್‌ನಲ್ಲಿ ಹೋದರೂ ಕೆಲವರಿಗೆ ಸಿಗುತ್ತದೆ. ಏರ್ ಇಂಡಿಯಾ 2014ರಿಂದ ಹಲವು ವಿಮಾನ ಕಂಪನಿಗಳು ಸೇರಿಕೊಂಡ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ. ಪದೇಪದೇ ಹಾರಿ ಆ ಕೂಟದ ಗೋಲ್ಡ್ ದರ್ಜೆ ಗಳಿಸಿದವರು ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾದ ಸೆನೆಟರ್ ಲೌಂಜ್‌ಗೆ ಹೋಗಬಹುದು. ಕಂಪನಿ ಕೆಲಸಕ್ಕೆ ಓಡಾಡುವವರು ಹಾರಾಟಕ್ಕೆ ಸಿಗುವ ಮೈಲು ಪಾಯಿಂಟ್‌ಗಳನ್ನು ಒಂದೇ ಕೂಟದಲ್ಲಿ ಕೂಡಿಹಾಕುವುದು ಇದಕ್ಕೇ. ಮಂಗಳೂರಿನಿಂದ ಗಲ್ಫ್‌ಗೆ ದುಡಿಯಲು ಹೋಗುವವರ ಮಾತು ಬೇರೆ. ಎಷ್ಟೋ ಸಲ ಅವರು ಹಾರಿದರೂ ಈ ಗೋಲ್ಡ್, ಸಿಲ್ವರ್‌ಗಳು ಅವರ ಹತ್ತಿರ ಸುಳಿಯುವುದಿಲ್ಲ. ಕಡಿಮೆ ದರದ ಟಿಕೆಟ್, ನೇರ ವಿಮಾನ, ಕೈತುಂಬ ಲಗೇಜು. ಅವರಿಗೆ ಬೇಕಾದ್ದು ಹೊರಗೇ ಇರುವ 10 ರೂಪಾಯಿ ಟೀ.

ವೋಚರ್ ಕಾಲದ ಹೊಸ ಅಪಾಯ

ಕಾರ್ಡ್ ಉಜ್ಜುವ ಕಾಲ ಮುಗಿಯುತ್ತಾ ಬಂದಿದೆ. ಈಗ ಹಲವು ಬ್ಯಾಂಕುಗಳು ಎಸ್‌ಎಂಎಸ್‌ನಲ್ಲಿ ಲಿಂಕ್, ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಕಳಿಸುತ್ತವೆ. ಬ್ಯಾಂಕಿಗೆ ಲೆಕ್ಕ ಸಲೀಸು. ಕಳ್ಳರಿಗೂ ಸಲೀಸು. 2024ರಲ್ಲಿ 'ಲೌಂಜ್ ಪಾಸ್' ಎಂಬ ನಕಲಿ ಆ್ಯಪ್ ಹರಿದಾಡಿತು. ಬೆಂಗಳೂರು ನಿಲ್ದಾಣದಲ್ಲಿ ಲೌಂಜ್‌ಗೆ ಹೋಗಲು ಅದನ್ನು ಹಾಕಿಕೊಂಡ ಮಹಿಳೆಯೊಬ್ಬರು 87,000 ರೂಪಾಯಿಗೂ ಹೆಚ್ಚು ಕಳೆದುಕೊಂಡರು. ಆ್ಯಪ್ ಫೋನಿಗೆ ಬರುವ ಎಸ್‌ಎಂಎಸ್ ಕದ್ದು ಓದುತ್ತಿತ್ತು, ಅಂದರೆ ಒಟಿಪಿ ನೇರವಾಗಿ ಕಳ್ಳರ ಕೈಗೆ. ಸೈಬರ್ ಭದ್ರತೆಯ ಕ್ಲೌಡ್‌ಸೆಕ್ ಸಂಸ್ಥೆಯವರು ತನಿಖೆ ಮಾಡಿದಾಗ ಸುಮಾರು 450 ಜನ ಅದನ್ನು ಹಾಕಿಕೊಂಡಿದ್ದು, ಒಟ್ಟು 9 ಲಕ್ಷ ರೂಪಾಯಿಗೂ ಹೆಚ್ಚು ಹೋಗಿದ್ದು ಕಂಡುಬಂತು. ಲೌಂಜ್ ಬಾಗಿಲಲ್ಲಿ ನಿಂತು, ವಿಮಾನಕ್ಕೆ ಹೊತ್ತಾಗುತ್ತಿದೆ ಅನ್ನುವ ಆತುರದಲ್ಲಿ, ಯಾವ ಆ್ಯಪ್ ಹಾಕಿಕೊಳ್ಳಿ ಅಂದರೂ ಹಾಕಿಕೊಳ್ಳುತ್ತೇವೆ. ವೋಚರ್ ಮನೆಯಲ್ಲೇ, ನಿಮ್ಮ ಬ್ಯಾಂಕಿನ ಆ್ಯಪ್‌ನಿಂದಲೇ ತೆಗೆದುಕೊಂಡು ಹೊರಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಲೇಬೇಡಿ.

ಇನ್ನೊಂದು ಸಣ್ಣ ವಿಷಯ. ಬಹಳಷ್ಟು ಲೌಂಜ್‌ಗಳಲ್ಲಿ ಬೋರ್ಡಿಂಗ್ ಕರೆ ಕೇಳಿಸುವುದಿಲ್ಲ. ಗೇಟ್ ಎಷ್ಟು ದೂರ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಮಧ್ಯವರ್ತಿ ಹೋಗಿ ನಿಲ್ದಾಣವೇ ಬ್ಯಾಂಕಿನ ಜೊತೆ ನೇರ ವ್ಯವಹಾರಕ್ಕೆ ಇಳಿದದ್ದರಿಂದ ಪ್ರಯಾಣಿಕರಿಗೆ ಒಳ್ಳೆಯದಾಗುತ್ತದಾ? ದುಡ್ಡಿನ ದಾರಿಯಲ್ಲಿ ಒಂದು ಕೈ ಕಡಿಮೆಯಾಯಿತು, ನಿಜ. ಆದರೆ ಜಾಗದ ಯಜಮಾನರೂ ಅವರೇ, ಬಾಗಿಲು ಕಾಯುವವರೂ ಅವರೇ, ಕೆಲವು ಕಡೆ ಅಡುಗೆಯಲ್ಲಿ ಪಾಲುದಾರರೂ ಅವರೇ. ದರ ಏರಿಸಿದರೆ ಬೇರೆ ಕಡೆ ಹೋಗುತ್ತೇವೆ ಅನ್ನುವ ಮಾತು ಬ್ಯಾಂಕಿಗೂ ಇಲ್ಲ, ನಮಗೂ ಇಲ್ಲ. ಬ್ಯಾಂಕಿಗೆ ದರ ಏರಿದರೆ ನಮ್ಮ ಖರ್ಚಿನ ಷರತ್ತು 75,000ದಲ್ಲೇ ನಿಲ್ಲುತ್ತದೆ ಅಂತ ನಂಬುವುದು ಕಷ್ಟ.

ಕೇಳಬಹುದಾದ್ದು ಒಂದಿದೆ, ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. ಒಳಗೆ ಎಷ್ಟು ಕುರ್ಚಿ ಇವೆ, ಈಗ ಎಷ್ಟು ತುಂಬಿವೆ, ಎಷ್ಟು ನಿಮಿಷ ಕಾಯಬೇಕು, ದುಡ್ಡು ಕೊಟ್ಟು ಹೋದರೆ ಎಷ್ಟು, ಯಾವ ಕಾರ್ಡ್ ಇವತ್ತು ನಡೆಯುತ್ತದೆ, ಇಷ್ಟನ್ನು ಪ್ರತಿ ಲೌಂಜ್ ಬಾಗಿಲಲ್ಲೂ ನಿಲ್ದಾಣದ ವೆಬ್‌ಸೈಟ್‌ನಲ್ಲೂ ಹಾಕಲಿ. ಬೆಂಗಳೂರಿನಿಂದ ಶುರು ಮಾಡಿದರೂ ಸಾಕು. ಶೇ 13ರ ಪಾಲುದಾರರಾಗಿ ರಾಜ್ಯ ಸರ್ಕಾರ ಇಷ್ಟು ಕೇಳಬಹುದು. ಕನ್ನಡದಲ್ಲೂ ಹಾಕಿ ಅಂತ ಅದೇ ಉಸಿರಲ್ಲಿ ಹೇಳಲಿ.